ಕಂತು ಕಟ್ಟುವವರು ಒಬ್ಬರು, ಸಾಲ ಇನ್ನೊಬ್ಬರದು: ಮನೆ ಯಾರದು?



ನಮ್ಮ ಕುಟುಂಬಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಒಂದು ಸಂದರ್ಭವನ್ನು ತೆಗೆದುಕೊಳ್ಳೋಣ. ಅಣ್ಣನಿಗೆ ಸರ್ಕಾರಿ ನೌಕರಿ, ತಮ್ಮನಿಗೆ ಸಣ್ಣ ಅಂಗಡಿ. ಸಂಬಳದ ಚೀಟಿ ಇಲ್ಲದ ತಮ್ಮನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. “ಮನೆ, ಸಾಲ ಎರಡೂ ನನ್ನ ಹೆಸರಿನಲ್ಲಿರಲಿ. ಕಂತು ನೀನು ಕಟ್ಟು, ಮನೆ ನಿನ್ನದೇ” ಎನ್ನುತ್ತಾನೆ ಅಣ್ಣ. ತಮ್ಮ ಹತ್ತು ವರ್ಷ ತಪ್ಪದೆ ಕಂತು ಕಟ್ಟುತ್ತಾನೆ. ಅಷ್ಟರಲ್ಲಿ ಅಣ್ಣ ತೀರಿಕೊಂಡರೆ?

ಅಣ್ಣ ಉಯಿಲು ಬರೆದಿಡದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಅವನ ಸ್ವಂತ ಆಸ್ತಿ ಮೊದಲು ಸೇರುವುದು ಹೆಂಡತಿ, ಮಕ್ಕಳು ಮತ್ತು ತಾಯಿಗೆ. ಇವರಿರುವಾಗ ತಮ್ಮನಿಗೆ ಪಾಲಿಲ್ಲ. ಅತ್ತಿಗೆಗೆ ಆ ಹಳೆಯ ಮಾತು ಗೊತ್ತೇ ಇಲ್ಲದಿರಬಹುದು. “ಹಣ ನನ್ನದು, ಆದ್ದರಿಂದ ಮನೆ ನನ್ನದು” ಎಂದು ನ್ಯಾಯಾಲಯಕ್ಕೆ ಹೋದರೆ 1988ರ ಬೇನಾಮಿ ಕಾಯಿದೆ ಅಡ್ಡಬರುವ ಸಂಭವವಿದೆ.

ಇಲ್ಲಿ ಎರಡು ಕಾಗದಗಳನ್ನು ಬೇರೆಬೇರೆಯಾಗಿ ನೋಡಬೇಕು. ಮನೆ ಯಾರದೆಂದು ಹೇಳುವುದು ನೋಂದಣಿಯಾದ ಕ್ರಯಪತ್ರ. ಸಾಲ ಯಾರದೆಂದು ಹೇಳುವುದು ಬ್ಯಾಂಕಿನ ಸಾಲದ ಕರಾರು. ಕಂತಿನ ರಸೀದಿ ಹಣ ಕಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಹಕ್ಕುಪತ್ರವಲ್ಲ. ಬ್ಯಾಂಕು ಮೂಲ ಪತ್ರಗಳನ್ನು ಅಡಮಾನವಾಗಿ ಇಟ್ಟುಕೊಂಡಿರುವವರೆಗೆ, ಮನೆ ಯಾರ ಹೆಸರಿಗೆ ಹೋದರೂ ಸಾಲದ ಭಾರ ಮನೆಯ ಮೇಲೇ ಇರುತ್ತದೆ. ಮನೆಯನ್ನು ತಮ್ಮನಿಗೆ ಬರೆದುಕೊಟ್ಟ ಮಾತ್ರಕ್ಕೆ ಅಣ್ಣ ಸಾಲದ ಹೊಣೆಯಿಂದ ಬಿಡುಗಡೆಯಾಗುವುದೂ ಇಲ್ಲ. ತಮ್ಮ ಕಂತು ತಪ್ಪಿಸಿದರೆ ನೋಟೀಸು ಬರುವುದು ಅಣ್ಣನಿಗೇ.

ಹಾಗಾದರೆ ಸರಿಯಾದ ದಾರಿ ಯಾವುದು?

ಮೊದಲನೆಯದು, ಬಾಕಿ ಸಾಲವನ್ನು ತೀರಿಸುವುದು. ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರಲ್ಲಿ ಬ್ಯಾಂಕುಗಳಿಗೆ ನಿರ್ದೇಶನ ನೀಡಿದೆ. ಪತ್ರಗಳು ಕೈಸೇರಿದ ಮೇಲೆ ಅಡಮಾನ ತೀರಿದ್ದು ದಾಖಲೆಗೆ ಬಂದಿದೆಯೇ ಎಂಬುದನ್ನು ಋಣಭಾರ ಪತ್ರದಲ್ಲಿ, ಅಂದರೆ ಇ.ಸಿ.ಯಲ್ಲಿ, ನೋಡಿಕೊಳ್ಳಿ. ಅನಂತರ ಅಣ್ಣನು ತಮ್ಮನಿಗೆ ಕ್ರಯಪತ್ರ ಅಥವಾ ದಾನಪತ್ರ ಬರೆದು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬೇಕು. ದಾನಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಅಗತ್ಯ. ಮುದ್ರಾಂಕ ಶುಲ್ಕ ಎಷ್ಟಾಗುತ್ತದೆ, ಸಂಬಂಧಿಕರಿಗೆ ರಿಯಾಯಿತಿ ಇದೆಯೇ ಎಂಬುದನ್ನು ಅಲ್ಲಿಯೇ ಮೊದಲು ವಿಚಾರಿಸಿ.

ಎರಡನೆಯದು, ಒಮ್ಮೆಲೇ ತೀರಿಸಲು ಹಣವಿಲ್ಲದಾಗ. ತಮ್ಮನು ಈಗಿನ ತನ್ನ ಆದಾಯ ತೆರಿಗೆಯ ಲೆಕ್ಕ, ಬ್ಯಾಂಕು ಖಾತೆಯ ವಿವರ ತೋರಿಸಿ ತನ್ನ ಹೆಸರಿನಲ್ಲಿ ಹೊಸ ಸಾಲ ಕೇಳಬಹುದು. ಅದು ಮಂಜೂರಾದರೆ, ಬ್ಯಾಂಕಿನ ಲಿಖಿತ ಒಪ್ಪಿಗೆಯೊಂದಿಗೆ, ಆ ಹಣದಿಂದ ಅಣ್ಣನ ಸಾಲ ತೀರಿಸಿ ಮನೆಯನ್ನು ತಮ್ಮನ ಹೆಸರಿಗೆ ನೋಂದಾಯಿಸಬಹುದು. ಅಣ್ಣನ ಸಾಲ ಮುಗಿದುದಕ್ಕೆ ಬ್ಯಾಂಕಿನಿಂದ ಪತ್ರ ಪಡೆಯುವುದನ್ನು ಮರೆಯಬೇಡಿ.

ಛಾಪಾ ಕಾಗದದ ಮೇಲೆ ಒಪ್ಪಂದ ಬರೆದುಕೊಂಡು, ಒಂದು ಜಿ.ಪಿ.ಎ. ಮಾಡಿಸಿ ನಿಶ್ಚಿಂತರಾಗುವವರಿದ್ದಾರೆ. ಇಂತಹ ಪತ್ರಗಳಿಂದ ಮಾಲೀಕತ್ವ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ. ಸಾಮಾನ್ಯವಾಗಿ ಜಿ.ಪಿ.ಎ. ಬರೆದುಕೊಟ್ಟವರು ತೀರಿಕೊಂಡರೆ ಅದರ ಬಲವೂ ಮುಗಿಯುತ್ತದೆ. ಖಾತೆ ಬದಲಾಯಿಸಿಕೊಂಡರೆ ಸಾಕು ಎಂಬುದೂ ತಪ್ಪು. ಖಾತೆ ತೆರಿಗೆಯ ದಾಖಲೆ ಮಾತ್ರ. ನೋಂದಣಿಯ ಅನಂತರ ಅದನ್ನು ತಪ್ಪದೆ ಮಾಡಿಸಿಕೊಳ್ಳಬೇಕು, ಆದರೆ ನೋಂದಣಿಯ ಬದಲಿಗಲ್ಲ.

ಇವೆಲ್ಲಕ್ಕೂ ಕಾಲಾವಕಾಶ ಬೇಕು. ಅಲ್ಲಿಯವರೆಗೆ ಕಂತನ್ನು ನಗದಾಗಿ ಅಣ್ಣನ ಕೈಗೆ ಕೊಡದೆ ನಿಮ್ಮ ಬ್ಯಾಂಕು ಖಾತೆಯಿಂದಲೇ ಕಟ್ಟಿ, ರಸೀದಿಗಳನ್ನು ಜೋಪಾನ ಮಾಡಿ. ಅಣ್ಣನಿಂದ ಉಯಿಲು ಬರೆಸಿಡುವುದೂ ಒಳ್ಳೆಯದು. ಆದರೆ ಉಯಿಲನ್ನು ಬರೆದವರು ಯಾವಾಗ ಬೇಕಾದರೂ ಬದಲಿಸಬಹುದು ಎಂಬುದು ನೆನಪಿರಲಿ.

ಎಲ್ಲಕ್ಕಿಂತ ಮೊದಲು ಮಾಡಬೇಕಾದುದಕ್ಕೆ ಖರ್ಚೇನೂ ಇಲ್ಲ. ಅಣ್ಣ, ಅತ್ತಿಗೆ, ತಾಯಿ, ಬೆಳೆದ ಮಕ್ಕಳು ಎಲ್ಲರೂ ಕೂತು ಈ ವಿಷಯ ಮಾತಾಡಿ, ಆಮೇಲೆ ಒಬ್ಬ ವಕೀಲರಿಗೆ ಕಾಗದಗಳನ್ನು ತೋರಿಸಿ. ಕಾಗದ ಕೇಳಿದರೆ ಅಣ್ಣ ಏನಂದುಕೊಳ್ಳುತ್ತಾನೋ ಎಂಬ ಸಂಕೋಚ ಬೇಡ. ಆಡಿದ ಮಾತು ಅಣ್ಣನ ಕಾಲಾನಂತರವೂ ನಿಲ್ಲಬೇಕಾದರೆ ಅದು ನೋಂದಣಿಯಾದ ಪತ್ರದಲ್ಲಿ ಇರಬೇಕು.