ನೀರಿಲ್ಲದ ದ್ವೀಪದ ಮತದಾರರು

(ಮಧುಗಿರಿಯ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಾಠ)



ನಾನು ಭಾಷಣಕಾರನಲ್ಲ, ಪಂಡಿತನೂ ಅಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿನಲ್ಲಿ ಬಂದು ಕೂತವನು. ಮೊಳೆ ಜೋಡಿಸುವುದನ್ನು ಕಲಿಯುವ ಹೊತ್ತಿಗೆ ಡಿಟಿಪಿ ಬಂತು. ಆಫ್‌ಸೆಟ್ಟಿಗೆ ಸಾಲ ತೀರಿಸುವ ಹೊತ್ತಿಗೆ ಫ್ಲೆಕ್ಸ್ ಬಂತು. ಮದುವೆ ಕರೆಯೋಲೆ, ಜಾತ್ರೆಯ ಪೋಸ್ಟರು, ಬಿಲ್ ಬುಕ್ಕು, ಚುನಾವಣೆ ಬಂದರೆ ಕರಪತ್ರ, ಇದೇ ನನ್ನ ಬದುಕು. ಹಾಗಾಗಿ ನನಗೆ ಗೊತ್ತಿರುವ ಚುನಾವಣೆಯ ವಿಚಾರವನ್ನೇ ಇವತ್ತು ಹೇಳುತ್ತೇನೆ. ಅದರಲ್ಲೂ ನಮ್ಮ ಪಕ್ಕದಲ್ಲೇ ಇರುವ ಒಂದು ದ್ವೀಪದ ಚುನಾವಣೆಯ ವಿಚಾರ.

ದ್ವೀಪ ಎಂದ ಕೂಡಲೆ ನಗಬೇಡಿ. ಸಮುದ್ರ ಎಲ್ಲಿದೆ ಎಂದು ಕೇಳಬೇಡಿ. ಪಾವಗಡ ತಾಲ್ಲೂಕಿನ ನಕ್ಷೆ ಎದುರಿಗಿಟ್ಟುಕೊಂಡು ನೋಡಿ. ಪಶ್ಚಿಮಕ್ಕೆ ಚಿತ್ರದುರ್ಗ ಜಿಲ್ಲೆಯ ಕಡೆಗೆ ಒಂದು ಕಿರಿದಾದ ಕತ್ತು. ಉಳಿದಂತೆ ಸುತ್ತಲೂ ಆಂಧ್ರಪ್ರದೇಶ. ಇಲ್ಲಿ ಮಧುಗಿರಿಯಲ್ಲಿ ಬಸ್ಸು ಹತ್ತಿ ಪಾವಗಡಕ್ಕೆ ಹೊರಟರೆ ನಡುವೆ ಆಂಧ್ರದ ನೆಲ ದಾಟಲೇಬೇಕು. ತಮ್ಮದೇ ಜಿಲ್ಲಾಧಿಕಾರಿಗೆ ಅರ್ಜಿ ಕೊಡಲು ತುಮಕೂರಿಗೆ ನೂರು ಕಿಲೋಮೀಟರ್ ಆಸುಪಾಸು ಬರುವ ಪಾವಗಡದ ರೈತ, ಈ ದಾರಿಯಲ್ಲಿ ಬಂದರೆ ಒಂದು ರಾಜ್ಯ ಬಿಟ್ಟು ಇನ್ನೊಂದು ರಾಜ್ಯ ಹೊಕ್ಕು ಮತ್ತೆ ತನ್ನ ರಾಜ್ಯಕ್ಕೆ ಬರುತ್ತಾನೆ. ಸುತ್ತ ನೀರಿಲ್ಲ ಅಷ್ಟೆ. ಒಳಗೂ ನೀರಿಲ್ಲ! ಇರುವ ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡು. ನೀರಿಲ್ಲದ ದ್ವೀಪ ಎಂದರೆ ಇದೇ.

ಈ ದ್ವೀಪವನ್ನು ಮಾಡಿದವರು ಯಾರು? ಅಲ್ಲಿ ಹುಟ್ಟಿದ ಯಾರೂ ಅಲ್ಲ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಒಡೆಯರಿಗೆ ಇಷ್ಟು, ನಿಜಾಮನಿಗೆ ಇಷ್ಟು, ಕಂಪನಿಗೆ ಇಷ್ಟು ಎಂದು ಹಂಚಿಕೊಂಡರು. 1800ರಲ್ಲಿ ಅನಂತಪುರದ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಪಾವಗಡ ಮೈಸೂರಿಗೆ, ಪಕ್ಕದ ಮಡಕಶಿರಾ ಮದರಾಸಿಗೆ. 1953ರ ಅಕ್ಟೋಬರ್ 1ರಂದು ಆಂಧ್ರ ಹುಟ್ಟಿತು, ಮಡಕಶಿರಾ ಅಲ್ಲಿಗೆ ಹೋಯಿತು. 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಕಂಪನಿ ಸರ್ಕಾರ ಎಳೆದ ಗೆರೆ ಮಾತ್ರ ಹಾಗೇ ಉಳಿಯಿತು.

ಈಗ ಆ ಗೆರೆಯ ಎರಡೂ ಬದಿ ನೋಡಿ. ಪಾವಗಡದಲ್ಲಿ ಬಹಳ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಕಲಿಯುವ ಅಕ್ಷರ ಕನ್ನಡ. ಆಂಧ್ರದ ಮಡಕಶಿರಾ, ಅಗಳಿ, ರೊಳ್ಳ, ಅಮರಾಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಸರ್ಕಾರದ ಅಕ್ಷರ ತೆಲುಗು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಹಳೆಯ ಹೆಂಜೇರು, ಇರುವುದು ಅಮರಾಪುರ ಮಂಡಲದಲ್ಲಿ. ಕನ್ನಡದ ಶಾಸನ ಕಲ್ಲುಗಳು ಅಲ್ಲಿ, ತೆಲುಗು ಮಾತಾಡುವ ಕನ್ನಡದ ಮತದಾರರು ಇಲ್ಲಿ!

ನನ್ನ ಪ್ರೆಸ್ಸಿಗೆ ಚುನಾವಣೆಯಲ್ಲಿ ಬರುವ ಕೆಲಸ ನೋಡಿದರೆ ಇದು ಕಣ್ಣಿಗೆ ಹೊಡೆಯುತ್ತದೆ. ಪಾವಗಡದ ಕಡೆಯಿಂದ ಬರುವ ಕರಪತ್ರದ ಮ್ಯಾಟರು ಕನ್ನಡದಲ್ಲಿರುತ್ತದೆ. ಕೊನೆಯಲ್ಲಿ ಒಂದು ಸಾಲು, 'ಅನ್ನಾ, ಮೀ ಓಟು ಮಾಕೇ' ಎಂದಿರುತ್ತದೆ. ಮಾತು ತೆಲುಗು, ಅಕ್ಷರ ಕನ್ನಡ! ಆಟೋದ ಮೈಕಿನಲ್ಲಿ ತೆಲುಗು ಹಾಡು, ಕೈಯಲ್ಲಿ ಹಂಚುವ ಕಾಗದ ಕನ್ನಡ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಆಮೇಲೆ ಯೋಚನೆ ಮಾಡಿದೆ. ಆ ಸಾಲನ್ನು ಓದುವವನು ಯಾರು? ಕನ್ನಡ ಶಾಲೆಯಲ್ಲಿ ಕಲಿತು, ತೆಲುಗನ್ನೂ ಕನ್ನಡ ಅಕ್ಷರದಲ್ಲೇ ಓದುವವನು. ಅವನು ಕನ್ನಡದವನಲ್ಲದೆ ಮತ್ತ್ಯಾರು?

ಆದರೆ ನಮ್ಮಲ್ಲೇ ಕೆಲವರು ಪಾವಗಡದವರನ್ನು ಕಂಡರೆ 'ಅವರಾ, ತೆಲುಗರು ಬಿಡಿ' ಎನ್ನುತ್ತಾರೆ. ಬಂಧುಗಳೆ, ಇದು ಕನ್ನಡಾಭಿಮಾನವಲ್ಲ. ಕರ್ನಾಟಕದ ವಿಧಾನಸಭೆಗೆ ಮತ ಹಾಕುವವನನ್ನು ನಾವೇ ಆಂಧ್ರಕ್ಕೆ ತಳ್ಳಿದರೆ, ಗಡಿ ಕಾಯುವುದು ಯಾರನ್ನಿಟ್ಟುಕೊಂಡು?

ಆ ದ್ವೀಪದ ಮತಕ್ಕೆ ಎಷ್ಟು ಬೆಲೆ ಇದೆ ಎಂಬುದನ್ನು ಬೆಂಗಳೂರಿನವರು ಚೆನ್ನಾಗಿ ಬಲ್ಲರು. 2008ರಲ್ಲಿ ಬಿಜೆಪಿಗೆ 110 ಸ್ಥಾನ ಬಂತು, ಬಹುಮತಕ್ಕೆ ಮೂರು ಕಡಿಮೆ. ಆಗ ಸರ್ಕಾರಕ್ಕೆ ಹೆಗಲು ಕೊಟ್ಟ ಪಕ್ಷೇತರರಲ್ಲಿ ಪಾವಗಡದ ವೆಂಕಟರಮಣಪ್ಪನವರೂ ಒಬ್ಬರು, ಮಂತ್ರಿಯೂ ಆದರು. 2010ರ ಅಕ್ಟೋಬರಿನಲ್ಲಿ ಬೆಂಬಲ ಹಿಂತೆಗೆದುಕೊಂಡಾಗ ಸಭಾಧ್ಯಕ್ಷರು ಐವರು ಪಕ್ಷೇತರರನ್ನು ಅನರ್ಹಗೊಳಿಸಿದರು. 2011ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2013ರಲ್ಲಿ ಜೆಡಿಎಸ್‌ನ ತಿಮ್ಮರಾಯಪ್ಪನವರು ಗೆದ್ದರು. 2018ರಲ್ಲಿ ವೆಂಕಟರಮಣಪ್ಪನವರು ಕಾಂಗ್ರೆಸ್ಸಿನಿಂದ ಗೆದ್ದದ್ದು ಐನೂರು ಮತಗಳ ಒಳಗಿನ ಅಂತರದಲ್ಲಿ. ಮತ್ತೆ ಮಂತ್ರಿಯಾದರು. 2023ರಲ್ಲಿ ಅವರ ಮಗ ವೆಂಕಟೇಶ್ ಗೆದ್ದರು. ಅಲ್ಲಿನ ಮತದಾರ ಕುರುಡನಲ್ಲ, ಒಬ್ಬರನ್ನು ಇಳಿಸುತ್ತಾನೆ, ಒಬ್ಬರನ್ನು ಏರಿಸುತ್ತಾನೆ. ಸರ್ಕಾರ ಕಟ್ಟುವುದಕ್ಕೂ ಬೇಕು, ಕೆಡವುವುದಕ್ಕೂ ಬೇಕು. ಅವನ ಮತ ಅಷ್ಟು ಬೆಲೆಯದಾದರೆ, ಅವನ ಅರ್ಜಿಗೆ ಯಾಕೆ ಬೆಲೆಯಿಲ್ಲ?

ಲೋಕಸಭೆಯ ಕಥೆ ಕೇಳಿ. ನಮ್ಮ ನಾಲ್ಕು ತಾಲ್ಲೂಕು ಶಾಲೆಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ, ಕಂದಾಯಕ್ಕೆ ಮಧುಗಿರಿ ಉಪವಿಭಾಗ, ಎಸ್ಪಿ ಡೀಸಿಗೆ ತುಮಕೂರು. ಎಂಪಿ ಚುನಾವಣೆ ಬಂದರೆ ಮಧುಗಿರಿ, ಕೊರಟಗೆರೆ ತುಮಕೂರಿಗೆ, ಶಿರಾ, ಪಾವಗಡ ಚಿತ್ರದುರ್ಗಕ್ಕೆ! ಅದು ಮೀಸಲು ಕ್ಷೇತ್ರ. 2014ರಲ್ಲಿ ಗೆದ್ದ ಚಂದ್ರಪ್ಪನವರು ಮೂಡಿಗೆರೆಯವರು, 2019ರಲ್ಲಿ ಗೆದ್ದ ನಾರಾಯಣಸ್ವಾಮಿಯವರು ಆನೇಕಲ್ಲಿನವರು, 2024ರಲ್ಲಿ ಗೆದ್ದ ಗೋವಿಂದ ಕಾರಜೋಳರು ಮುಧೋಳದವರು. ಅವರ ಮೇಲೆ ನನಗೆ ದ್ವೇಷವಿಲ್ಲ, ಎಲ್ಲರೂ ಕನ್ನಡಿಗರೇ. ಆದರೆ ಎಂಟು ವಿಧಾನಸಭಾ ಕ್ಷೇತ್ರದಲ್ಲಿ ಒಂದು ಮೂಲೆಯ ಪಾವಗಡದ ಕಷ್ಟ ದೆಹಲಿಗೆ ಮುಟ್ಟುವುದು ಹೇಗೆ?

ನಿಜವಾದ ಸಮುದ್ರದ ನಡುವಿನ ದ್ವೀಪವನ್ನೂ ನೋಡೋಣ. ಲಕ್ಷದ್ವೀಪ. ಅದರ ಅಮಿನ್‌ದಿವಿ ಗುಂಪಿನ ದ್ವೀಪಗಳು 1956ರ ತನಕ ಮಂಗಳೂರಿನ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಅಲ್ಲಿ ಮತದಾರರು ಅರವತ್ತು ಸಾವಿರದ ಒಳಗೆ. ಆದರೂ ಅವರಿಗೆ ಅವರದೇ ಒಬ್ಬ ಎಂಪಿ! ಪಿ.ಎಂ. ಸಯೀದರನ್ನು 1967ರಿಂದ ಸತತ ಹತ್ತು ಸಲ ಗೆಲ್ಲಿಸಿದರು, 2004ರಲ್ಲಿ ಬರೀ 71 ಮತಗಳಿಂದ ಸೋಲಿಸಿದರು. ದೂರದಲ್ಲಿರುವ ಚಿಕ್ಕ ಜನಕ್ಕೂ ಸ್ವಂತ ದನಿ ಬೇಕೆಂದು ದೇಶ ಒಪ್ಪಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮತ ಹಾಕುವ ಪಾವಗಡಕ್ಕೆ ಬೇರೆ ಎಂಪಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಸುತ್ತ ಬೇರೆ ರಾಜ್ಯ ಇರುವ ಜನಕ್ಕೆ ಬೇರೆ ಲೆಕ್ಕ ಬೇಕು ಎಂಬ ನ್ಯಾಯ ಒಪ್ಪಿ ಎನ್ನುತ್ತೇನೆ. ಬಂಗಾಳದ ಗಡಿಯಲ್ಲಿ ಬಾಂಗ್ಲಾದೇಶದ ನೆಲದೊಳಗೆ ನಮ್ಮ 111 ತುಂಡುಗಳು, ನಮ್ಮ ನೆಲದೊಳಗೆ ಅವರ 51 ತುಂಡುಗಳು ಇದ್ದವು. 2015ರ ಜುಲೈ 31ರ ನಡುರಾತ್ರಿ ಅದಲುಬದಲಾದವು. ನಮ್ಮ ಕಡೆ ಸೇರಿದ ಜನ 2016ರಲ್ಲಿ ಮೊದಲ ಸಲ ಮತ ಹಾಕಿದರು. ಅವರಿಗೆ ಮತವೇ ಇರಲಿಲ್ಲ. ನಮ್ಮ ಪಾವಗಡದವರಿಗೆ ಮತ ಇದೆ, ಅದರ ಹಿಂದೆ ಬರಬೇಕಾದದ್ದು ಬರಲಿಲ್ಲ.

ಬರಬೇಕಾದದ್ದು ಬಾರದಿದ್ದರೆ ಏನಾಗುತ್ತದೆ? 2005ರ ಫೆಬ್ರವರಿಯಲ್ಲಿ ವೆಂಕಟಮ್ಮನಹಳ್ಳಿಯಲ್ಲಿ ನಕ್ಸಲರು ಏಳು ಜನ ಪೊಲೀಸರನ್ನು ಕೊಂದರು. ಹೊಟ್ಟೆಪಾಡಿಗೆ ಕಾಕಿ ತೊಟ್ಟಿದ್ದ ಮಕ್ಕಳು. ಆ ಕೊಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ಸರ್ಕಾರ ಕಾಲಿಡದ ಊರಿಗೆ ಬಂದೂಕು ಕಾಲಿಡುತ್ತದೆ ಎಂಬ ಪಾಠ ಕಲಿಯಬೇಡವೆ?

ಇನ್ನೊಂದು ಮಾತು, ಕೇಳಲು ಕಹಿ. ಪಾವಗಡ ವಿಧಾನಸಭೆಯೂ ಮೀಸಲು, ಚಿತ್ರದುರ್ಗ ಲೋಕಸಭೆಯೂ ಮೀಸಲು. 2019ರ ಸೆಪ್ಟೆಂಬರಿನಲ್ಲಿ ಆ ಕ್ಷೇತ್ರದ ಸಂಸದರನ್ನೇ, ದಲಿತರೆಂಬ ಕಾರಣಕ್ಕೆ, ಪಾವಗಡ ತಾಲ್ಲೂಕಿನ ಒಂದು ಹಟ್ಟಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದರು. ಪೆಟ್ಟಿಗೆಯಲ್ಲಿ ಎಲ್ಲರ ಮತ ಒಂದೇ, ಬೀದಿಯಲ್ಲಿ ಕಾಲು ಒಂದೇ ಅಲ್ಲ! ಕನ್ನಡಿಗರೆಲ್ಲ ಒಂದು ಎಂದು ಬಾವುಟ ಹಿಡಿಯುವ ನಾವು ಇದಕ್ಕೆ ಬಾಯಿ ಮುಚ್ಚಿಕೊಂಡರೆ ಬಾವುಟದ ಬಣ್ಣ ಮಾಸುತ್ತದೆ.

ಈಗ ಅಲ್ಲಿ ತಿರುಮಣಿಯ ಸೋಲಾರ್ ಪಾರ್ಕು ಎದ್ದಿದೆ. ಐದು ಗ್ರಾಮಗಳ ಸುಮಾರು 13 ಸಾವಿರ ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಭೋಗ್ಯ ಶುರುವಾಯಿತು. ಭೂಮಿ ಇದ್ದವನಿಗೆ ಆಧಾರವಾಯಿತು, ಸಂತೋಷ. ಆ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಕೂಲಿಯವನಿಗೆ? ಭೋಗ್ಯದ ಕರಾರು ರೈತ ಓದಬಲ್ಲ ಭಾಷೆಯಲ್ಲಿ ಅವನ ಕೈಯಲ್ಲಿರಬೇಕು. ಅಲ್ಲಿನ ಕೆಲಸ ಮೊದಲು ಅಲ್ಲಿನ ಹುಡುಗರಿಗೆ ಸಿಗಬೇಕು, ಮನೆಯಲ್ಲಿ ಯಾವ ಮಾತಾಡಿದರೂ ಸರಿ. ಚುನಾವಣೆಯ ಮೈಕಿನಲ್ಲಿ ಇದನ್ನು ಕೇಳುವವರು ಯಾರು?

ಮುದ್ರಕನಾಗಿ ನನ್ನ ಕಸುಬಿನ ಕಾನೂನೊಂದನ್ನು ನಿಮ್ಮ ಕಿವಿಗೆ ಹಾಕುತ್ತೇನೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 127 ಎ ಕಲಂ ಪ್ರಕಾರ ಪ್ರತಿ ಚುನಾವಣಾ ಕರಪತ್ರದ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು, ವಿಳಾಸ ಇರಲೇಬೇಕು. ಪ್ರಕಾಶಕ ತನ್ನನ್ನು ಬಲ್ಲ ಇಬ್ಬರ ಸಾಕ್ಷಿ ಸಹಿ ಹಾಕಿಸಿ ಎರಡು ಪ್ರತಿ ಘೋಷಣೆ ಕೊಡಬೇಕು. ಅಚ್ಚು ಮಾಡಿದ ಮೇಲೆ ಅದನ್ನು ಕರಪತ್ರದೊಂದಿಗೆ ಜಿಲ್ಲಾ ದಂಡಾಧಿಕಾರಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಎರಡು ಸಾವಿರದವರೆಗೆ ದಂಡ, ಇಲ್ಲವೆ ಎರಡೂ. ಒಮ್ಮೆ ಒಬ್ಬ ಅಭ್ಯರ್ಥಿಯ ಕಡೆಯವರು ರಾತ್ರಿ ಬಂದು 'ಹೆಸರು ಹಾಕಬೇಡಪ್ಪ, ಎರಡರಷ್ಟು ದುಡ್ಡು ತಗೊ' ಎಂದರು. ಎದುರಾಳಿಯ ಜಾತಿ ಹಿಡಿದು ಬೈದ ಮ್ಯಾಟರು. ನಾನು ಮಿಷನ್ ಆಫ್ ಮಾಡಿ ಕಳಿಸಿದೆ. ಆ ಸಲ ಆ ಕಡೆಯ ಒಂದು ಆರ್ಡರೂ ನನಗೆ ಬರಲಿಲ್ಲ.

ಯಾಕೆ ಹೇಳಿದೆ ಎಂದರೆ, ಕಾಗದಕ್ಕೆ ಒಂದು ಹೊಣೆ ಇದೆ. ಅಡಿಯಲ್ಲಿ ಹೆಸರಿದೆ. ಐದು ವರ್ಷ ಆದ ಮೇಲೆ ತೆಗೆದು ತೋರಿಸಬಹುದು. ಮೈಕಿನ ಮಾತು ಗಾಳಿಗೆ ಹೋಗುತ್ತದೆ. ಆದ್ದರಿಂದ ಪಾವಗಡದ ಬಂಧುಗಳಿಗೆ ನನ್ನ ವಿನಂತಿ: ಭರವಸೆಯನ್ನು ಕನ್ನಡದಲ್ಲಿ, ಕಾಗದದ ಮೇಲೆ, ಹೆಸರು ಸಹಿತ ಕೇಳಿ. ಮೈಕಿನಲ್ಲಿ ನಿಮ್ಮ ಮನೆಮಾತಿನಲ್ಲಿ ಮಾತಾಡಲಿ, ಬೇಡ ಎನ್ನುವುದಿಲ್ಲ. ಬರೆದು ಕೊಡುವುದು ರಾಜ್ಯದ ಭಾಷೆಯಲ್ಲಿರಲಿ. ಯಾಕೆಂದರೆ ಕಚೇರಿಯಲ್ಲಿ, ಕೋರ್ಟಿನಲ್ಲಿ, ವಿಧಾನಸೌಧದಲ್ಲಿ ನಿಮ್ಮ ಹಕ್ಕು ಕೇಳಲು ನಿಮ್ಮ ಕೈಗೆ ಸಿಕ್ಕ ಆಯುಧ ಕನ್ನಡ.

ಸರ್ಕಾರಕ್ಕೆ ನಾವು ಕೇಳಬೇಕಾದ್ದು ಮೂರೇ. ಒಂದು, ಗಡಿ ಶಾಲೆಗಳಲ್ಲಿ ಕನ್ನಡ ಮೇಷ್ಟ್ರ ಹುದ್ದೆ ಒಂದು ದಿನವೂ ಖಾಲಿ ಇರಬಾರದು. ಮೇಷ್ಟ್ರಿಲ್ಲದ ಶಾಲೆಯ ಗೋಡೆಗೆ ಕನ್ನಡದ ಬೋರ್ಡು ಹೊಡೆದರೆ ಭಾಷೆ ಉಳಿಯುವುದಿಲ್ಲ. ಎರಡು, ಮಧುಗಿರಿಯನ್ನು ಜಿಲ್ಲೆ ಮಾಡಿ ಎಂಬ ನಮ್ಮ ಹಳೆಯ ಕೂಗಿಗೆ ಉತ್ತರ ಕೊಡಿ. ಪಾವಗಡದವನ ದಾರಿ ಅರ್ಧಕ್ಕರ್ಧ ಕಡಿಮೆಯಾಗಲಿ. ಮೂರು, ತುಮಕೂರು ರಾಯದುರ್ಗ ರೈಲು ಮಾರ್ಗ ಮಧುಗಿರಿ, ಮಡಕಶಿರಾ, ಪಾವಗಡ ಮುಟ್ಟುವಂಥದು. ಎಷ್ಟು ಚುನಾವಣೆಗಳ ಕರಪತ್ರದಲ್ಲಿ ಆ ರೈಲನ್ನು ನಾನೇ ಅಚ್ಚು ಹಾಕಿದ್ದೇನೆ! ಅದನ್ನು ಕರಪತ್ರದಿಂದ ಇಳಿಸಿ ಹಳಿಯ ಮೇಲೆ ಓಡಿಸಿ.

ಕೊನೆಯದಾಗಿ ನಮಗೇ ಒಂದು ಮಾತು. 2024ರಲ್ಲಿ ಪಾವಗಡ ಏಪ್ರಿಲ್ 26ರಂದು ಮತ ಹಾಕಿತು, ಸುತ್ತಲಿನ ಆಂಧ್ರ ಮೇ 13ರಂದು ಹಾಕಿತು. ಅಲ್ಲಿ ಮಡಕಶಿರಾದ ಕನ್ನಡಿಗನೂ ಸಾಲಿನಲ್ಲಿ ನಿಂತಿದ್ದ. ಅವನ ಮಕ್ಕಳಿಗೆ ಕನ್ನಡ ಶಾಲೆ ಬೇಕೆಂದು ನಾವು ಆಂಧ್ರವನ್ನು ಕೇಳುತ್ತೇವೆ, ಕೇಳಲೇಬೇಕು. ಹಾಗೆ ಕೇಳುವ ನಾಲಿಗೆಯಲ್ಲೇ ಪಾವಗಡದ ಅಜ್ಜಿಯ ತೆಲುಗನ್ನು ಹಂಗಿಸಿದರೆ ನಮ್ಮ ಮಾತಿಗೆ ತೂಕ ಎಲ್ಲಿ ಬರುತ್ತದೆ? ಇಲ್ಲಿ ನಾವು ಕೊಟ್ಟ ಗೌರವವೇ ಅಲ್ಲಿ ನಮ್ಮವರ ಪರವಾಗಿ ವಾದ ಮಾಡುತ್ತದೆ. ಆ ಅಜ್ಜಿಯ ಮೊಮ್ಮಗಳು ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಉತ್ತರ ಪಡೆದು, ಕೆಲಸ ಮಾಡಿಸಿಕೊಂಡ ದಿನ ಪಾವಗಡ ದ್ವೀಪವಾಗಿ ಉಳಿಯುವುದಿಲ್ಲ.

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!