ಆಟಮ್‌ನಲ್ಲಿ ಬುಕಿಂಗ್ ಒಂದು, ಗೇಟಲ್ಲಿ ಲಾರಿ ಎರಡು

ಬ್ರೌಸರ್, ಸರ್ವರ್ ಎರಡೂ ಕಡೆ ಒಂದೇ ಕೋಡ್ ಓಡಿಸಬಹುದು ಅನ್ನೋ ಖುಷಿಯಲ್ಲಿ ನಾನು ಎಡವಿದ ಕಥೆ ಇವತ್ತು.

2019ರ ಜೂನ್, ಚೆನ್ನೈನಲ್ಲಿದ್ದವರು ಮರೆತಿರಲ್ಲ. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ, ನಾಲ್ಕೂ ಹೆಚ್ಚುಕಡಿಮೆ ಒಣಗಿದ್ವು. ಓಎಂಆರ್ ಕಡೆಯ ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಲಾರಿಯೇ ಗತಿ. ವಾಟ್ಸಾಪ್ ಗ್ರೂಪಲ್ಲಿ ದಿನಾ "ಲಾರಿಗೆ ಹೇಳಿದ್ರಾ?" ಅಂತ ಗಲಾಟೆ. ಅದಕ್ಕೇ ಒಂದು ಪುಟ್ಟ ಪೇಜ್ ಬರೆದೆ. ಯಾರಾದ್ರೂ ಬಟನ್ ಒತ್ತಿದ್ರೆ ಲಾರಿಯವರಿಗೆ ಎಸ್ಸೆಮ್ಮೆಸ್ ಹೋಗುತ್ತೆ, ಎಲ್ಲರ ಫೋನಲ್ಲೂ "ಬುಕ್ ಆಗಿದೆ" ಅಂತ ಬರುತ್ತೆ.

ಸರ್ವರಲ್ಲಿ ಕ್ಲೋಜರ್, ಬ್ರೌಸರಲ್ಲಿ ಕ್ಲೋಜರ್‌ಸ್ಕ್ರಿಪ್ಟ್. ಎರಡೂ ಕಡೆ ಸ್ಟೇಟ್ ಇರೋದು ಆಟಮ್ ಒಳಗೆ. ಅದನ್ನ ಬದಲಾಯಿಸೋ ಫಂಕ್ಷನ್ ಒಂದೇ ಸಲ ಬರೆದೆ, ಸಿಎಲ್‌ಜೆಸಿ ಫೈಲಲ್ಲಿ. ಜಾಣತನ ಜಾಸ್ತಿಯಾಗಿ ಕಳಿಸೋ ಕೆಲಸಾನೂ ಅದರೊಳಗೇ ತುರುಕಿದೆ: ಬ್ರೌಸರ್ ಆದ್ರೆ ಸರ್ವರ್‌ಗೆ, ಸರ್ವರ್ ಆದ್ರೆ ಲಾರಿಯವರಿಗೆ.

ಬ್ರೌಸರಲ್ಲಿ ಜಾವಾಸ್ಕ್ರಿಪ್ಟ್ ಒಂದೇ ಥ್ರೆಡ್, ಸ್ವಾಪ್ ಕೊಟ್ಟ ಫಂಕ್ಷನ್ ಒಂದೇ ಸಲ ಓಡುತ್ತೆ. ಜೆವಿಎಂನಲ್ಲಿ ಹಾಗಲ್ಲ. ಹಳೇ ಬೆಲೆ ಓದಿ, ಫಂಕ್ಷನ್ ಓಡಿಸಿ, ಆಮೇಲೆ ಆಟಮ್‌ನಲ್ಲಿ ಅದೇ ಹಳೇ ಬೆಲೆ ಇನ್ನೂ ಇದ್ರೆ ಮಾತ್ರ ಹೊಸದು ಕೂರುತ್ತೆ. ನಡುವೆ ಬೇರೆಯವರು ಬದಲಾಯಿಸಿದ್ರೆ ಮತ್ತೆ ಮೊದಲಿಂದ. ಫಂಕ್ಷನ್ ಒಳಗೆ ಸೈಡ್ ಎಫೆಕ್ಟ್ ಬೇಡ ಅಂತ ಡಾಕ್ಯುಮೆಂಟೇಶನ್ನಲ್ಲೇ ಇದೆ. ಓದಿದ್ದೆ ಕೂಡ.

ಒಂದು ಬೆಳಿಗ್ಗೆ ಇಬ್ಬರು ಒಟ್ಟಿಗೆ ಒತ್ತಿದ್ರು. ಎರಡು ಥ್ರೆಡ್ಡೂ "ಬುಕಿಂಗ್ ಇಲ್ಲ" ಅಂತ ಓದಿ ಎಸ್ಸೆಮ್ಮೆಸ್ ಕಳಿಸಿದ್ವು. ಒಂದು ಗೆದ್ದಿತು. ಸೋತದ್ದು ತಿರುಗಿ ಓದಿ, "ಓ, ಬುಕ್ ಆಗಿದೆಯಲ್ಲ" ಅಂತ ಸುಮ್ಮನಾಯ್ತು. ಸ್ಟೇಟ್ ನೋಡಿದ್ರೆ ಚಿನ್ನದಂತೆ ಸರಿ, ಲಾಗಲ್ಲಿ ಎರರ್ ಇಲ್ಲ. ಸಂಪಲ್ಲಿ ಜಾಗ ಇದ್ದಿದ್ದು ಒಂದು ಲಾರಿಗೆ. ಆ ಬರದಲ್ಲಿ ಇನ್ಯಾರಿಗೋ ಸಿಗಬೇಕಾಗಿದ್ದ ನೀರು ನಮ್ಮ ಗೇಟಲ್ಲಿ ನಿಂತಿತ್ತು. ಡ್ರೈವರ್ ಅಣ್ಣ "ಎನ್ನ ಸಾರ್ ಇದು" ಅಂದಾಗ ನನ್ನ ಹತ್ರ ಉತ್ತರ ಇರಲಿಲ್ಲ, ಬಾಡಿಗೆ ಕೊಟ್ಟು ಕಳಿಸಿದೆ.

ಈಗ ಆ ಫಂಕ್ಷನ್ ಹಳೇ ಸ್ಟೇಟ್ ತಗೊಂಡು ಹೊಸದು ಕೊಡುತ್ತೆ, ಅಷ್ಟೇ. ಕ್ಲೋಜರ್ 1.9ರಲ್ಲಿ ಬಂದ ಸ್ವಾಪ್-ವ್ಯಾಲ್ಸ್ ಹಳೇದು, ಹೊಸದು ಎರಡನ್ನೂ ವಾಪಸ್ ಕೊಡುತ್ತೆ. ಹಳೇದರಲ್ಲಿ ಬುಕಿಂಗ್ ಇಲ್ಲ, ಹೊಸದರಲ್ಲಿ ಇದೆ ಅಂದ್ರೆ ಬದಲಾಯಿಸಿದ್ದು ನಾನೇ. ಎಸ್ಸೆಮ್ಮೆಸ್ ನಾನೇ ಕಳಿಸ್ಬೇಕು. ಬ್ರೌಸರ್ ಒತ್ತಿದ ತಕ್ಷಣ "ಕಳಿಸ್ತಾ ಇದೆ" ಅನ್ನುತ್ತೆ, "ಬುಕ್ ಆಗಿದೆ" ಅನ್ನೋದು ಸರ್ವರ್ ಒಪ್ಪಿದ ಮೇಲೆ. ಪ್ರತಿ ಒತ್ತಿಗೂ ಬ್ರೌಸರೇ ಒಂದು ಯುಯುಐಡಿ ಹಾಕುತ್ತೆ, ನೆಟ್ ಹೋಗಿ ಅದೇ ರಿಕ್ವೆಸ್ಟ್ ಮತ್ತೆ ಬಂದ್ರೆ ಸರ್ವರ್ ಗುರುತು ಹಿಡಿಯುತ್ತೆ.

ಸರ್ವರ್ ರೀಸ್ಟಾರ್ಟ್ ಆದ್ರೆ ಆಟಮ್ ಖಾಲಿ, ಅದು ಗೊತ್ತಿದ್ದದ್ದೇ. ಹಾಗಾಗಿ ಬುಕಿಂಗ್ ಈಗ ಪೋಸ್ಟ್‌ಗ್ರೆಸ್‌ನಲ್ಲಿ, ತಾರೀಖಿನ ಮೇಲೆ ಯೂನಿಕ್ ಕನ್‌ಸ್ಟ್ರೈಂಟ್ ಹಾಕಿ ಕೂತಿದೆ.