ಗೋಡೆ ಉಳಿದರೆ ಸಾಲದು, ಓದು ಉಳಿಯಬೇಕು

(ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಮಿಲ್ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಪಿಲಾ ತೀರದಲ್ಲಿ ನಿಂತು ಬೀದರಿನ ಮಾತೇಕೆ ಎಂದು ನೀವು ಕೇಳಬಹುದು. ಅಲ್ಲಿನ ಒಂದು ಹಳೆಯ ವಿದ್ಯಾಶಾಲೆಯ ಕಥೆ ನಮ್ಮ ಮಕ್ಕಳ ಓದಿಗೂ ಸಂಬಂಧಪಟ್ಟದ್ದು. ಆದುದರಿಂದ ಹೇಳುತ್ತೇವೆ.

1453ರ ಸುಮಾರಿಗೆ ಪರ್ಷಿಯಾದ ಗೀಲಾನ್ ಪ್ರಾಂತದ ಮಹಮೂದ್ ಗವಾನ್ ವ್ಯಾಪಾರಕ್ಕೆಂದು ಬೀದರಿಗೆ ಬಂದ. ಮುಂದೆ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅಲ್ಲೊಂದು ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಪಾಠದ ಹಜಾರಗಳು, ಮಸೀದಿ, ಗುರುಗಳಿಗೂ ಶಿಷ್ಯರಿಗೂ ವಾಸದ ಕೋಣೆಗಳು. ಅಲ್ಲಿನ ಗ್ರಂಥಭಂಡಾರದಲ್ಲಿ ಸುಮಾರು 3000 ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಇಷ್ಟು ಕಟ್ಟಿಸಿದವನು ತಾನು ಮಣ್ಣಿನ ಪಾತ್ರೆಯಲ್ಲಿ ಉಂಡು ಚಾಪೆಯ ಮೇಲೆ ಮಲಗುತ್ತಿದ್ದನೆಂದು ಚರಿತ್ರೆಕಾರ ಫೆರಿಶ್ತಾ ಬರೆದಿದ್ದಾನೆ.

ಆಸ್ಥಾನದಲ್ಲಿ ಸ್ಥಳೀಯರು, ಹೊರಗಿನವರು ಎಂಬ ಎರಡು ಬಣ. ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ 1481ರಲ್ಲಿ ಗವಾನನ ತಲೆ ತೆಗೆಸಿದ. ಮೊಗಲರ ಕಾಲಕ್ಕೆ ಶಾಲೆ ಸೈನಿಕರ ಬಿಡಾರವಾಯಿತು. ಪುಸ್ತಕವಿದ್ದೆಡೆ ಮದ್ದು ತಂದಿಟ್ಟರು. 1696ರಲ್ಲಿ ಅದು ಸಿಡಿದು ಒಂದು ಮಿನಾರೂ ಕಟ್ಟಡದ ಒಂದು ಪಾಲೂ ಉರುಳಿಬಿದ್ದುವು.

ಇಂದು ಅದು ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಟರ್ಕಿ ದೇಶದ ಕೊನ್ಯಾ ನಗರದಲ್ಲಿ 1251ರಲ್ಲಿ ಕಟ್ಟಿದ ಕರತಾಯ್ ಮದರಸಾ 1955ರಲ್ಲಿ ಬಣ್ಣದ ಬಿಲ್ಲೆಗಳ ವಸ್ತುಸಂಗ್ರಹಾಲಯವಾಯಿತು. ಇದು ತಪ್ಪೆಂದು ನಾವು ಹೇಳುವುದಿಲ್ಲ. ಹಿರಿಯರ ಕೈಕೆಲಸ ಉಳಿಯಲೇಬೇಕು. ಅದು ಯಾವ ಮತದವರದೆಂದು ಕೇಳುವುದು ದುಡಿಯುವವರ ಕೆಲಸವಲ್ಲ. ಕಲ್ಲು ಕಡಿದವನೂ ಗಾರೆ ಹೊತ್ತವನೂ ನಮ್ಮವರೇ.

ಆದರೆ ಗೋಡೆಯನ್ನು ಕಾಪಾಡಿದ ಮಾತ್ರಕ್ಕೆ ವಿದ್ಯೆಯನ್ನು ಕಾಪಾಡಿದಂತಾಯಿತೆ? ಐನೂರು ವರ್ಷದ ಹಿಂದೆ ಓದುವವನಿಗೆ ಕೋಣೆಯೂ ಪುಸ್ತಕವೂ ಒಂದೇ ಕಡೆ ಸಿಕ್ಕುತ್ತಿದ್ದುವು. ಇಂದು ಮಕ್ಕಳ ಸಂಖ್ಯೆ ಕಡಿಮೆಯೆಂದು ಸರ್ಕಾರಿ ಶಾಲೆಗಳನ್ನು ಒಂದರೊಳಗೊಂದು ಸೇರಿಸುವ ಮಾತು ಮತ್ತೆ ಮತ್ತೆ ಏಳುತ್ತಿದೆ. ಒಂದೇ ಕೋಣೆಯ ಮನೆಯಲ್ಲಿರುವ ಕಾರ್ಮಿಕನ ಮಗಳು ಎಲ್ಲಿ ಕೂತು ಓದಬೇಕು?

ವ್ಯಾಪಾರಿ ಬಂಧುಗಳೆ, ನಿಮ್ಮ ಕಂದಾಯದ ರಸೀತಿಯನ್ನು ತೆಗೆದು ನೋಡಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಗ್ರಂಥಾಲಯ ಕರವೂ ಅದರಲ್ಲಿ ಸೇರಿದೆ. ಬಾಡಿಗೆ ಕೊಡುವ ಕಾರ್ಮಿಕನ ಪಾಲೂ ಅದರಲ್ಲುಂಟು. ಅದು ದಾನವಲ್ಲ, ನಮ್ಮ ಹಣ. ಹೀಗಿರುವಾಗ ಲೆಕ್ಕ ಕೇಳುವುದು ನಮ್ಮ ಹಕ್ಕು.

ನಮ್ಮ ಬೇಡಿಕೆ ಮೂರು. ವಸೂಲಾದ ಕರದ ಲೆಕ್ಕವನ್ನು ಎರಡೂ ಊರಿನಲ್ಲಿ ಸಾರ್ವಜನಿಕವಾಗಿ ಪ್ರಕಟಿಸಬೇಕು. ಪಾಳಿ ಮುಗಿಸಿ ಬರುವವರಿಗೂ ಅಂಗಡಿ ಮುಚ್ಚಿ ಬರುವವರಿಗೂ ಅನುಕೂಲವಾಗುವಂತೆ ವಾಚನಾಲಯ ರಾತ್ರಿ 9ರವರೆಗೆ ತೆರೆದಿರಬೇಕು. ಮಕ್ಕಳು ಕೂತು ಓದಲು ದೀಪ, ಮೇಜು, ಪಠ್ಯಪುಸ್ತಕಗಳಿರುವ ಒಂದು ಕೋಣೆ ಅಲ್ಲಿರಬೇಕು.

ಮನವಿಗೆ ರುಜು ಹಾಕಿ, ನೆರೆಯವರಿಂದಲೂ ಹಾಕಿಸಿ. ಮನವಿ ಕೊಡುವ ದಿನ ಎರಡೂ ಊರಿನವರು ಒಟ್ಟಾಗಿ ಹೋಗೋಣ. ಬರುವಾಗ ಮಕ್ಕಳನ್ನೂ ಕರೆತನ್ನಿ.